ಮಂಗಳೂರಿಗೆ ಒಂದೇ ದಿನ: ಪಟ್ಟಿಗಿಂತ ಮೊದಲು ಹೊತ್ತು

ಮಂಗಳೂರಿನಲ್ಲಿ ಒಂದೇ ದಿನ ಇರುವವರಿಗೆ ತಿರುಗಾಟದ ವೇಳಾಪಟ್ಟಿ ಹಾಕಿಕೊಡುವುದು ನನ್ನ ಕೆಲಸ. ಫೋನು ಮಾಡುವವರು ಮೊದಲು ಸ್ಥಳಗಳ ಹೆಸರು ಹೇಳುತ್ತಾರೆ: ಕದ್ರಿ, ಕುದ್ರೋಳಿ, ಮಂಗಳಾದೇವಿ, ಅಲೋಶಿಯಸ್ ಚಾಪೆಲ್, ಪಿಲಿಕುಳ, ಪಣಂಬೂರು. ಕೊನೆಯಲ್ಲಿ ‘ಉಡುಪಿಯೂ ಹತ್ತಿರವೇ ಅಲ್ಲವೇ?’ ಎಂಬ ಪ್ರಶ್ನೆ. ಆ ಪಟ್ಟಿಯನ್ನು ಬದಿಗಿಟ್ಟು, ಈ ಊರಿನಲ್ಲಿ ಯಾವುದು ನಮಗಾಗಿ ಕಾಯುವುದಿಲ್ಲ ಎಂದು ನಾನು ಮೊದಲು ಬರೆದುಕೊಳ್ಳುತ್ತೇನೆ.

ದಕ್ಕೆಯ, ಅಂದರೆ ಮೀನುದೋಣಿಗಳು ಬಂದು ನಿಲ್ಲುವ ಕಟ್ಟೆಯ, ಮೀನಿನ ಏಲಂ ಕಾಯುವುದಿಲ್ಲ, ಅದು ಬೆಳಗಿನ ವ್ಯವಹಾರ. ದೇವಸ್ಥಾನದ ಬಾಗಿಲು ಕಾಯುವುದಿಲ್ಲ, ಮಧ್ಯಾಹ್ನದ ಪೂಜೆಯಾದ ಮೇಲೆ ಮುಚ್ಚಿದರೆ ಮತ್ತೆ ಸಂಜೆಗೇ ತೆರೆಯುವುದು. ಸೂರ್ಯನಂತೂ ಯಾರ ಮಾತನ್ನೂ ಕೇಳುವವನಲ್ಲ: ಡಿಸೆಂಬರಿನ ಆರಂಭದಲ್ಲಿ ಆರು ಗಂಟೆಯ ಆಸುಪಾಸಿಗೆ ಮುಳುಗಿದರೆ ಜುಲೈನಲ್ಲಿ ಏಳರ ಹತ್ತಿರ. ಈ ಮೂರನ್ನು ಊರಿ ನಿಲ್ಲಿಸಿದರೆ ಉಳಿದದ್ದೆಲ್ಲ ನಡುವೆ ತಾನೇ ಕೂರುತ್ತದೆ.

ಆದ್ದರಿಂದ ನನ್ನ ದಿನ ಹಳೆ ಬಂದರಿನ ದಕ್ಕೆಯಲ್ಲಿ ಶುರುವಾಗುತ್ತದೆ. ಬುಟ್ಟಿಗಟ್ಟಲೆ ಬಂಗುಡೆ, ಬೂತಾಯಿ, ಏಲಂ ಕೂಗುವವರ ವೇಗ, ಐಸ್ ಹೊತ್ತು ಓಡುವವರು. ಕರಾವಳಿಯ ನಗರ ಬದುಕುವ ಬಗೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಜಾಗ ಇನ್ನೊಂದಿಲ್ಲ. ಜಾರದ ಚಪ್ಪಲಿ ಹಾಕಿಕೊಂಡು ಬನ್ನಿ, ಕೆಲಸ ಮಾಡುವವರ ದಾರಿಗೆ ಅಡ್ಡ ನಿಲ್ಲಬೇಡಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ದಕ್ಕೆಯನ್ನು ಬಿಟ್ಟುಬಿಡುತ್ತೇನೆ.

ಅಲ್ಲಿಂದ ಬನ್ಸ್ ಮತ್ತು ಚಹಾ, ಆಮೇಲೆ ಕದ್ರಿ. ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಕ್ರಿ.ಶ. 968ರ ಶಾಸನವಿದೆ. ಅದನ್ನು ನೋಡದೆ ಪ್ರದಕ್ಷಿಣೆ ಮುಗಿಸಿ ಹೊರಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸೋಮವಾರವಾದರೆ ಇಲ್ಲಿ ಜನ ಹೆಚ್ಚು. ಅರ್ಧ ಗಂಟೆ ಜಾಸ್ತಿ ಇಡಬೇಕು.

ಊಟವನ್ನು ಎರಡು ಸ್ಥಳಗಳ ನಡುವಿನ ಬಿಡುವು ಎಂದು ನಾನು ಎಣಿಸುವುದಿಲ್ಲ, ಅದೂ ಒಂದು ಸ್ಥಳ. ಅದಕ್ಕೆ ಒಂದೂಕಾಲು ಗಂಟೆ ಬರೆದಿಡುತ್ತೇನೆ, ಹನ್ನೆರಡೂವರೆಗೇ ಕೂರಿಸುತ್ತೇನೆ. ತಡವಾದರೆ ಒಳ್ಳೆಯ ಕಾಣೆ ಮೀನು ಖಾಲಿಯಾಗಿರುತ್ತದೆ. ಹುಳಿಖಾರದ ಬಂಗುಡೆ ಪುಳಿಮುಂಚಿ ಮತ್ತು ನೀರುದೋಸೆ ಮಧ್ಯಾಹ್ನಕ್ಕೆ ಹಿತ. ಕೋಳಿ ಸಾರು ಸುರಿದ ಗರಿಗರಿ ಅಕ್ಕಿರೊಟ್ಟಿ, ಅಂದರೆ ಕೋರಿರೊಟ್ಟಿ, ಹೊಟ್ಟೆಗೆ ಭಾರ, ಅದನ್ನು ರಾತ್ರಿಯ ರೈಲು ಹಿಡಿಯುವವರಿಗೆ ಕೊನೆಯ ಊಟವಾಗಿ ಇಡುತ್ತೇನೆ. ಇಷ್ಟೆಲ್ಲ ಬರೆಯುವ ಮೊದಲು ಕೇಳಲೇಬೇಕಾದ ಮಾತೊಂದಿದೆ: ಮನೆಯಲ್ಲಿ ಯಾರು ಯಾವ ವಾರ ಮೀನು ತಿನ್ನುವುದಿಲ್ಲ? ಹಿರಿಯರೊಬ್ಬರು ಉಪವಾಸ ಕೂತ ಮೇಜಿನಲ್ಲಿ ಉಳಿದವರಿಗೂ ಊಟ ರುಚಿಸದು.

ಮಧ್ಯಾಹ್ನದ ಬಿಸಿಲಿಗೆ ಅಲೋಶಿಯಸ್ ಚಾಪೆಲ್. 1899ರಲ್ಲಿ ಮಂಗಳೂರಿಗೆ ಬಂದ ಇಟಲಿಯ ಜೆಸುಯಿಟ್ ಕಲಾವಿದ ಅಂತೋನಿಯೊ ಮೊಸ್ಕೆನಿ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದ್ದಾರೆ. ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡುತ್ತ ಕೂರಬಹುದು, ನೆರಳೂ ಸಿಗುತ್ತದೆ.

ಸಂಜೆಗೆ ಕಡಲತೀರ. ಪಣಂಬೂರಿನ ಬದಲು ನಾನು ಸುಲ್ತಾನ್ ಬತ್ತೇರಿಯ ದಾರಿ ಹೇಳುತ್ತೇನೆ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜನ್ನು ನೋಡಿ, ಗುರುಪುರ ನದಿಯನ್ನು ದೋಣಿಯಲ್ಲಿ ದಾಟಿದರೆ ತಣ್ಣೀರುಬಾವಿ. ಕೂಳೂರು ಸುತ್ತಿ ಹೋಗುವ ರಸ್ತೆಯ ಉಸಾಬರಿ ಇಲ್ಲ. ದೋಣಿ ಆ ದಿನ ಇದೆಯೇ, ಮರಳುವ ಕೊನೆಯ ದೋಣಿ ಎಷ್ಟಕ್ಕೆ ಎಂದು ಹತ್ತುವ ಮೊದಲೇ ಕೇಳಿಕೊಳ್ಳಬೇಕು. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ದಡದಲ್ಲಿದ್ದರೆ ಗೋಳಿಬಜೆ ತಿನ್ನುವುದಕ್ಕೂ ಪುರುಸೊತ್ತು ಇರುತ್ತದೆ.

ಮೃಗಾಲಯವಿರುವ ಪಿಲಿಕುಳ ಅರ್ಧ ದಿನ ಬೇಡುತ್ತದೆ, ಉಡುಪಿಗೆ ಹೋಗುವುದಕ್ಕೇ ಐವತ್ತು ಕಿಲೋಮೀಟರಿಗೂ ಹೆಚ್ಚು. ಎರಡನ್ನೂ ಕೈಬಿಡಿ ಎನ್ನುವುದು ಗ್ರಾಹಕರಿಗೆ ಹಿಡಿಸದು, ಆದರೂ ಹೇಳುತ್ತೇನೆ. ಮಳೆಗಾಲದಲ್ಲಿ ಬರುವವರಿಗೆ ಸಂಜೆಯ ಕಡಲನ್ನೂ ದೂರದಿಂದಲೇ ನೋಡಿ, ನೀರಿಗೆ ಇಳಿಯಬೇಡಿ ಎನ್ನುತ್ತೇನೆ. ಆ ಗಂಟೆಯನ್ನು ಕೆಸುವಿನ ಎಲೆಯ ಪತ್ರೊಡೆಗೆ ಕೊಡುತ್ತೇನೆ, ಅದರ ಕಾಲವೂ ಅದೇ.