ಕೆಂಪು ಹತ್ತು ರೂಪಾಯಿ

ದೊಡ್ಡಪ್ಪನ ಕಬ್ಬಿಣದ ಪೆಟ್ಟಿಗೆಯನ್ನು ಇಂದು ಬೆಳಿಗ್ಗೆ ಒರೆಸುವಾಗ, ಪಾಸ್‌ಪೋರ್ಟಿನ ಹಾಳೆಗಳ ನಡುವೆ ಹತ್ತು ರೂಪಾಯಿಯ ಒಂದು ಕೆಂಪು ನೋಟು ಸಿಕ್ಕಿತು.

ಸಂಖ್ಯೆಯ ಮುಂದೆ ಇಂಗ್ಲಿಷಿನ ಝಡ್ ಅಕ್ಷರವಿತ್ತು. ಮಡಿಕೆಯಲ್ಲಿ ಕಾಗದ ಬಟ್ಟೆಯಷ್ಟು ಮೆತ್ತಗಾಗಿತ್ತು.

ನಮ್ಮ ರಿಸರ್ವ್ ಬ್ಯಾಂಕೇ ಮುದ್ರಿಸಿದ, ಆದರೆ ನಮ್ಮ ದೇಶದೊಳಗೆ ನಡೆಯದ ನೋಟು ಇದು. ಅರಬ್ ಕೊಲ್ಲಿ ನಾಡುಗಳಲ್ಲಿ ಆಗ ಭಾರತದ ರೂಪಾಯಿಯೇ ಚಲಾವಣೆಯಲ್ಲಿದ್ದು, ಅದೇ ದಾರಿಯಲ್ಲಿ ಕಳ್ಳಚಿನ್ನ ಒಳಗೆ ಬಂದು ವಿದೇಶಿ ವಿನಿಮಯ ಸೋರಿಹೋಗುತ್ತಿದ್ದುದರಿಂದ, 1959ರಲ್ಲಿ ಅಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿದರು.

1961ರಲ್ಲಿ ಕುವೈತ್ ತನ್ನದೇ ದಿನಾರನ್ನು ತಂದಾಗ ಒಂದು ದಿನಾರಿಗೆ ಹದಿಮೂರು ರೂಪಾಯಿ ಮತ್ತು ಮೂರನೆಯ ಒಂದು ಭಾಗವೆಂದು ದರ ಕಟ್ಟಲಾಯಿತು. ಆ ಕಾಲದ ಬ್ರಿಟಿಷ್ ಪೌಂಡಿನ ದರವೂ ಅಷ್ಟೇ ಆಗಿತ್ತು. 1965ರಲ್ಲಿ ಬಹರೇನ್ ಹತ್ತು ರೂಪಾಯಿಗೆ ಒಂದು ದಿನಾರ್ ಎಂದಿತು. (ಲೆಕ್ಕಕ್ಕೆ ಸುಲಭವಾದದ್ದು ಇದೇ ಎಂದು ನನಗೆ ಅನ್ನಿಸುತ್ತದೆ.) ನನ್ನ ಕೈಯಲ್ಲಿದ್ದ ಕಾಗದಕ್ಕೆ ಅಲ್ಲಿ ಸರಿಯಾಗಿ ಒಂದು ದಿನಾರ್ ಸಿಗುತ್ತಿತ್ತು.

1966ರ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿಯಿತು. ತಮ್ಮ ಜೇಬಿನ ಹಣವೂ ದೆಹಲಿಯ ತೀರ್ಮಾನದಿಂದ ಕುಸಿಯುವುದನ್ನು ಒಪ್ಪದ ಕತಾರ್, ದುಬೈಗಳು ಕೆಲಕಾಲ ಸೌದಿ ರಿಯಾಲನ್ನು ಹಿಡಿದು, ಅನಂತರ ತಮ್ಮದೇ ರಿಯಾಲನ್ನು ತಂದವು.

ಕುವೈತಿನಲ್ಲಿರುವ ಅಕ್ಕನ ಮಗನಿಗೆ ನೋಟಿನ ಚಿತ್ರವನ್ನೂ ದಿನಾರಿನ ಆ ಹಳೆಯ ದರವನ್ನೂ ಕಳುಹಿಸಿದೆ. ಅಲ್ಲಿನ ಒಂದು ದಿನಾರ್ ಈಗ 280 ರೂಪಾಯಿ ದಾಟಿದೆ.

"ಹದಿಮೂರಾ? ಮಾವ, ಒಂದು ಸೊನ್ನೆ ಬಿಟ್ಟಿರಬೇಕು ನೋಡಿ" ಎಂದು ಅವನು ಉತ್ತರಿಸಿದ್ದಾನೆ.