ಸಿಪಾಯಿ ಫೈಲ್‌ಗಿಂತ ಅವನ ಹೆಂಡ್ತಿ ಫೈಲ್ ದಪ್ಪ ಇರ್ತೈತಿ

ಗಂಗಾವತಿಯಾಗ ಕುಂತು ಅಮೇರಿಕದ ಮಂದಿಗೆ ಅವರ ಮುತ್ತಾತನ್ನ ಹುಡುಕಿ ಕೊಡೋದು ನನ್ನ ಕೆಲಸ. ಹಿಂಗಂದ್ರ ಓಣಿಯಾಗ ಯಾರೂ ನಂಬಂಗಿಲ್ಲ, ಅವರಿಗೆ ಅವರ ಅಜ್ಜ ಯಾರಂತ ಗೊತ್ತಿಲ್ಲೇನ ಅಂತ ನಗ್ತಾರ. ಅಜ್ಜ ಗೊತ್ತಿರ್ತಾನ್ರೀ, ಅಜ್ಜನ ಅಜ್ಜ 1861ರಿಂದ 1865ರ ತನಕ ನಡೆದ ಅವರ ಅಂತರ್ಯುದ್ಧದಾಗ ಉತ್ತರದ ಯೂನಿಯನ್ ಕಡೆ ಇದ್ನೋ ದಕ್ಷಿಣದ ಕಾನ್ಫೆಡರೇಟ್ ಕಡೆ ಇದ್ನೋ, ಯಾವ ರೆಜಿಮೆಂಟು, ಮಕ್ಕಳು ಎಷ್ಟು, ಅದು ಗೊತ್ತಿರಂಗಿಲ್ಲ. ಎಲ್ಲರಿಗೂ ತಮ್ಮ ಮುತ್ತಾತ ಕ್ಯಾಪ್ಟನ್ನೇ ಆಗಿರಬೇಕು, ಅದೊಂದು ಆಸೆ. ಸಿಗೋವನು ಬಹಳ ಸರ್ತಿ ಸಾದಾ ಸಿಪಾಯಿ.

ಹೊಸದಾಗಿ ಸೇರಿದ ಹುಡುಗರೆಲ್ಲ ಮೊದಲು ಮಾಡೋದು ಒಂದೇ, ಅಮೇರಿಕದ ಸರ್ಕಾರಿ ಇಲಾಖೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನವರ ಸೈನಿಕರ ಲಿಸ್ಟಿನ್ಯಾಗ ಹೆಸರು ಟೈಪ್ ಮಾಡೋದು. ಆ ಲಿಸ್ಟಿನ್ಯಾಗ 63 ಲಕ್ಷ ಹೆಸರು ಅದಾವ, ಆದ್ರ ಯುದ್ಧಕ್ಕ ಹೋದವರು ಸುಮಾರು 35 ಲಕ್ಷ ಅಂತ ಅಂದಾಜು, ಯಾಕಂದ್ರ ಒಬ್ಬನ ಹೆಸರೇ ಬ್ಯಾರೆ ಬ್ಯಾರೆ ಸ್ಪೆಲಿಂಗ್‌ನ್ಯಾಗ, ಬ್ಯಾರೆ ಬ್ಯಾರೆ ರೆಜಿಮೆಂಟಿನ್ಯಾಗ ಮತ್ತ ಮತ್ತ ಬಂದಿರ್ತೈತಿ. ಜಾನ್ ಸ್ಮಿತ್ ಅಂತ ಹೊಡದ್ರ ಮುಗೀತು ಕತಿ. ಸರಿ, ಹೆಂಗೋ ಗುರುತು ಹಚ್ಚಿ ಅವನ ಸರ್ವಿಸ್ ರೆಕಾರ್ಡ್ ತಗದ್ರೂ ಅದರಾಗ ಏನೈತಿ? ಸಣ್ಣ ಸಣ್ಣ ಕಾರ್ಡು. ಹಾಜರಿ ಪಟ್ಟಿ, ಆಸ್ಪತ್ರೆ ರಿಜಿಸ್ಟರ್ ನೋಡಿ ಯುದ್ಧ ಮುಗದು ಎಷ್ಟೋ ವರ್ಷದ ಮ್ಯಾಲ ಗುಮಾಸ್ತರು ನಕಲು ಮಾಡಿದ್ದು. ವಯಸ್ಸು, ಎತ್ತರ, ಕಣ್ಣಿನ ಬಣ್ಣ, ಯಾವ ತಿಂಗಳು ಹಾಜರು ಯಾವ ತಿಂಗಳು ಗೈರು. ಅಪ್ಪ ಯಾರು, ಹೆಂಡ್ತಿ ಯಾರು ಅಂತ ಸಾಮಾನ್ಯವಾಗಿ ಒಂದಕ್ಷರ ಇರಂಗಿಲ್ಲ. ಸೈನ್ಯಕ್ಕ ಬೇಕಾಗಿದ್ದು ಆಳು, ಅವನ ಸಂಸಾರ ಕಟಗೊಂಡು ಅದಕ್ಕೇನು ಆಗಬೇಕು.

ಸಂಸಾರ ಸಿಗೋದು ರೊಕ್ಕದ ಕಾಗದದಾಗ. ನಮ್ಮಲ್ಲಿ ಪೌತಿ ಖಾತೆ ಮಾಡಿಸಾಕ ಹೋದಾಗ ಹೆಂಗ, ಅಪ್ಪ ಸತ್ತ ಮ್ಯಾಲ ಹೊಲ ಹೆಸರಿಗೆ ಆಗಬೇಕಂದ್ರ ವಂಶಾವಳಿ ತರ್ರಿ, ಮರಣ ಪತ್ರ ತರ್ರಿ ಅಂತಾರಲ್ಲ, ಅಲ್ಲಿ ತನಕ ಯಾರೂ ಬರೆದಿಡದ ಮನಿತನ ಅವತ್ತು ಕಾಗದಕ್ಕ ಬರ್ತೈತಿ, ಅಲ್ಲೂ ಥೇಟ್ ಹಂಗ. 1862ರ ಜುಲೈ 14ಕ್ಕ ಯೂನಿಯನ್ ಸರ್ಕಾರ ಪಿಂಚಣಿ ಕಾನೂನು ಮಾಡ್ತು, ಸಾದಾ ಸಿಪಾಯಿ ವಿಧವೆಗೆ ತಿಂಗಳಿಗೆ 8 ಡಾಲರ್. ಅದು ಬೇಕಂದ್ರ ನಾನು ಅವನ ಹೆಂಡ್ತಿನೇ ಅಂತ ಆಕಿ ತೋರಿಸಬೇಕು, ಮಕ್ಕಳು ಹುಟ್ಟಿದ ತಾರೀಖು ತೋರಿಸಬೇಕು. ಚರ್ಚಿನ ಮದುವಿ ದಾಖಲೆ ಇದ್ರ ಅದು, ಇಲ್ಲಾಂದ್ರ ಮದುವಿ ನೋಡಿದವರ ಪ್ರಮಾಣ, ಹೆರಿಗಿ ಮಾಡಿಸಿದ ಸೂಲಗಿತ್ತಿ ಹೇಳಿಕೆ. ಮನಿ ಬೈಬಲ್‌ನ್ಯಾಗ ಹುಟ್ಟು ಸಾವು ಬರಕೊಂಡಿದ್ದ ಹಾಳಿನೇ ಹರದು ಕಳಿಸಿದವರು ಅದಾರ, ಆ ಹಾಳಿ ಈಗೂ ಫೈಲಿನ್ಯಾಗ ಐತಿ. ಓದು ಬರದವರು ನಮ್ಮಂಗ ಹೆಬ್ಬೆಟ್ಟು ಒತ್ತಿಲ್ಲ, ಗುಮಾಸ್ತ ಹೆಸರು ಬರದು ನಡುವ ಜಾಗ ಬಿಟ್ಟಿರ್ತಾನ, ಅಲ್ಲೊಂದು ಸೊಟ್ಟ ಎಕ್ಸ್ ಗುರುತು, ಬಾಜೂಕ ಸಾಕ್ಷಿಗಳ ಸಹಿ.

ವಿಧವೆ ಮತ್ತೊಂದು ಮದುವಿ ಆದ್ರ ಆಕಿ ಪಿಂಚಣಿ ಬಂದ್, ಆಗ 16 ವರ್ಷದ ಒಳಗಿನ ಮಕ್ಕಳ ಹೆಸರಿಗೆ ಗಾರ್ಡಿಯನ್ ಅರ್ಜಿ ಹಾಕ್ತಿದ್ದ. ಪಿಂಚಣಿ ಫೈಲ್ ಹುಡುಕೋ ಇಂಡೆಕ್ಸ್ ಕಾರ್ಡಿನ್ಯಾಗ ಮೈನರ್, ಅಂದ್ರ ಸಣ್ಣ ಮಕ್ಕಳು, ಅನ್ನೋ ಸಾಲಿನ್ಯಾಗ ನಂಬರ್ ಕಂಡ್ರ ನನಗ ಹಬ್ಬ. ಅರ್ಜಿ ನಂಬರ್ ಐತಿ, ಸರ್ಟಿಫಿಕೇಟ್ ನಂಬರ್ ಇಲ್ಲ ಅಂದ್ರ ಪಿಂಚಣಿ ಮಂಜೂರಾಗಿಲ್ಲ ಅಂತ ಅರ್ಥ, ಹುಡುಗರು ಅದನ್ನ ಬಿಟ್ಟು ಮುಂದ ಹೋಗ್ತಾರ. ಬಿಡಬ್ಯಾಡ್ರಿ. ರಿಜೆಕ್ಟ್ ಆದವರೇ ಹೆಚ್ಚು ಸಾಕ್ಷಿ ತಂದಿರ್ತಾರ.

ಮೊನ್ನೆ ಒಬ್ಬ ಹುಡುಗ ಬಂದು, "ಅಕ್ಕಾ, ಇವಂದು ಪಿಂಚಣಿನೇ ಇಲ್ಲ, ಕ್ಲೋಸ್ ಮಾಡ್ಲಾ?" ಅಂದ.

"ಎಲ್ಲೀ ರೆಜಿಮೆಂಟಪಾ?"

"ಜಾರ್ಜಿಯಾ ಅಕ್ಕಾ."

"ಜಾರ್ಜಿಯಾ ಅಂದ್ರ ದಕ್ಷಿಣದ ಕಾನ್ಫೆಡರೇಟ್ ಕಡೆ. ವಾಷಿಂಗ್ಟನ್ನಿನ ಯೂನಿಯನ್ ಸರ್ಕಾರದ ವಿರುದ್ಧ ಬಂದೂಕು ಹಿಡದವಗ ವಾಷಿಂಗ್ಟನ್ ಯಾಕ ರೊಕ್ಕ ಕೊಡ್ತೈತಿ? 1900ರ ಜನಗಣತಿಯಾಗ ಎಲ್ಲಿ ಅದಾನ ನೋಡು."

ಟೆಕ್ಸಾಸ್‌ನ್ಯಾಗ ಇದ್ದ. ಕಾನ್ಫೆಡರೇಟ್ ಸಿಪಾಯಿಗೆ ಪಿಂಚಣಿ ಕೊಟ್ಟಿದ್ದು ದಕ್ಷಿಣದ ರಾಜ್ಯಗಳು, ಅದೂ ಅವನು ಎಲ್ಲಿಂದ ಯುದ್ಧಕ್ಕ ಹೋದ ಅಂತಲ್ಲ, ವಯಸ್ಸಾದ ಮ್ಯಾಲ ಎಲ್ಲಿ ಬಾಳೇವು ಮಾಡಿದ ಅಲ್ಲಿ. ಜಾರ್ಜಿಯಾದವನ ಫೈಲು ಟೆಕ್ಸಾಸ್ ಆರ್ಕೈವ್ಸ್‌ನ್ಯಾಗ ಇರೋದು ಅದಕ್ಕ. ಎರಡೂ ಕಡೆ ಇದ್ದವರೂ ಅದಾರ ಮತ್ತ. ಮೋಸ್ ಟ್ರಿಪ್ಲೆಟ್ ಅಂತ ನಾರ್ತ್ ಕೆರೊಲಿನಾದವ ಮೊದಲು ಕಾನ್ಫೆಡರೇಟ್, ಅಲ್ಲಿಂದ ಓಡಿ ಬಂದು ಯೂನಿಯನ್ ಸೇರಿದ, ಹಂಗಾಗಿ ಪಿಂಚಣಿ ಗಿಟ್ಟಿತು. ಅವನ ಮಗಳು ಐರೀನ್‌ಗೆ, ಅಂಗವೈಕಲ್ಯ ಇದ್ದದ್ದಕ್ಕ ದೊಡ್ಡಾಕಿ ಆದ ಮ್ಯಾಲೂ, ತಿಂಗಳಿಗೆ 73.13 ಡಾಲರ್ ಬರ್ತಿತ್ತು, ಆಕಿ ತೀರಿಕೊಂಡ 2020ರ ತನಕ! ಅಪ್ಪಗ 80 ದಾಟಿದ ಮ್ಯಾಲ ಹುಟ್ಟಿದ ಮಗಳು ಆಕಿ.

ಕರಿಯ ಸೈನಿಕರ ಫೈಲ್ ಬಂದ್ರ ಮಾತ್ರ ನಾನು ಯಾರಿಗೂ ಕೊಡಂಗಿಲ್ಲ, ನಾನ ಇಟ್ಕೊಂತೀನಿ. ಯೂನಿಯನ್ ಸೈನ್ಯದಾಗ ಇಂಥ ಕರಿಯ ಸೈನಿಕರು ಸುಮಾರು 1,79,000 ಮಂದಿ ಇದ್ರು. 1870ಕ್ಕಿಂತ ಹಿಂದ ಜನಗಣತಿಯಾಗ ಇವರ ಹೆಸರು ಹುಡುಕಿದ್ರ ಬಹಳ ಮಂದಿದು ಸಿಗಂಗಿಲ್ಲ, 1850, 1860ರ ಗುಲಾಮರ ಪಟ್ಟಿಯಾಗ ಯಜಮಾನನ ಹೆಸರು, ಅದರ ಕೆಳಗ ಬರೀ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಅಷ್ಟ. ಗುಲಾಮರ ಮದುವಿಗೆ ಕಾನೂನಿನ ಕಾಗದ ಎಲ್ಲಿಂದ ಬರಬೇಕು? ಅದಕ್ಕ ಪಿಂಚಣಿ ಆಫೀಸಿನಿಂದ ಎಕ್ಸಾಮಿನರ್ ಊರಿಗೇ ಬಂದು ಕುಂತು ಕೇಳ್ತಿದ್ದ, ನಿಮ್ಮ ಯಜಮಾನ ಯಾರಿದ್ದ, ಎಲ್ಲಿ ಹುಟ್ಟಿದಿ, ಸೈನ್ಯದಾಗ ಒಂದು ಮನಿತನದ ಹೆಸರು ಈಗ ಒಂದು ಮನಿತನದ ಹೆಸರು ಯಾಕ. ಆ ಉತ್ತರ ಬ್ಯಾರೆ ಎಲ್ಲೂ ಸಿಗಂಗಿಲ್ಲ. ಸಾಕ್ಷಿ ಹೇಳಿದವರ ಹೆಸರು ನಾನು ಬ್ಯಾರೆ ಶೀಟಿನ್ಯಾಗ ಬರಕೊಂತೀನಿ, ಎಷ್ಟೋ ಸರ್ತಿ ಅವರೂ ಅದೇ ಯಜಮಾನನ ಹೊಲದಾಗ ದುಡದವರೇ ಇರ್ತಾರ, ಮುಂದ ಬರೋ ಕ್ಲೈಂಟ್ ಅವರ ಮೊಮ್ಮಕ್ಕಳ ಪೈಕಿನೇ ಇರಬಹುದು.