ಗುಜರಿಯಿಂದ ಬಂದ ಕೀಸುಳಿ

ಸಾಗರದ ಒಂದು ಗುಜರಿ ಅಂಗಡಿಯಲ್ಲಿ, ಹಳೇ ಸೈಕಲ್ ಚೈನುಗಳ ಕೆಳಗೆ ಅದು ಬಿದ್ದಿತ್ತು, ಹಲಗೆ ಹೆರೆದು ನುಣುಪು ಮಾಡುವ ಕೀಸುಳಿ. ನಮ್ಮ ಕಡೆ ಆಚಾರಿಗಳ ಹತ್ತಿರ ಕಾಣುವುದು ಮರದ ಕೀಸುಳಿ, ಬೆಣೆ ಹೊಡೆದು ಅಲಗು ಬಿಗಿಯುವಂಥದ್ದು. ಇದರ ಮೈಯೆಲ್ಲ ಬೀಡು ಕಬ್ಬಿಣ. ಮೇಲೆ ಇಟ್ಟಿಗೆ ಬಣ್ಣದ ತುಕ್ಕು. ಹಿಂದಿನ ಹಿಡಿಯ ತುದಿ ಮುರಿದಿತ್ತು. ಅಂಗಡಿಯವನು ತಕ್ಕಡಿಗೆ ಹಾಕಿ 120 ರೂಪಾಯಿ ಎಂದ. ಚೌಕಾಸಿ ಮಾಡದೆ ಕೊಟ್ಟೆ.

ತಂತಿ ಬ್ರಷ್‌ನಲ್ಲಿ ಉಜ್ಜಿದಾಗ ಮೊದಲು ನೀಲಿ ಬಣ್ಣ ಇಣುಕಿತು, ಆಮೇಲೆ ‘ರೆಕಾರ್ಡ್’ ಎಂಬ ಹೆಸರು. ಇಂಗ್ಲೆಂಡಿನ ಶೆಫೀಲ್ಡಿನ ಮಾಲು. ಅವರು ಕೀಸುಳಿ ಮಾಡಲು ಶುರು ಮಾಡಿದ್ದು 1931ರಲ್ಲಿ. ವಿನ್ಯಾಸ ಮಾತ್ರ ಅಮೆರಿಕದ ಲಿಯೊನಾರ್ಡ್ ಬೈಲಿಯದು. ಅವನ ಪೇಟೆಂಟುಗಳನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲೇ ಕೊಂಡುಕೊಂಡಿತ್ತು. ಹಿತ್ತಾಳೆಯ ಪುಟ್ಟ ಚಕ್ರ ತಿರುಗಿಸಿದರೆ ಅಲಗು ಕೂದಲೆಳೆಯಷ್ಟೇ ಕೆಳಗಿಳಿಯುತ್ತದೆ. ಸುತ್ತಿಗೆಯಲ್ಲಿ ತಟ್ಟುತ್ತಾ ಕೂರಬೇಕಿಲ್ಲ.

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ತುಕ್ಕಿನ ವಿಷಯದಲ್ಲಿ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಎಲ್ಲ ಬಿಚ್ಚಿ, ತಿರುಪುಗಳನ್ನು ಡಬ್ಬಿಗೆ ಹಾಕಿಟ್ಟೆ. (ಅವು ಕಳೆದರೆ ಕಷ್ಟ, ಈಗಿನ ಮಿಲಿಮೀಟರ್ ಬೋಲ್ಟು ಅಲ್ಲಿ ಕೂರುವುದಿಲ್ಲ.) ಕಬ್ಬಿಣದ ಭಾಗಗಳನ್ನು ಬಿಳಿ ವಿನೆಗರ್‌ನಲ್ಲಿ ಮುಳುಗಿಸಿದೆ. ಒಂದು ರಾತ್ರಿ ಸಾಕು. ನಾನು ಅದೇ ಸಂಜೆ ಶಿರಸಿಗೆ ಮದುವೆಗೆ ಹೋಗಿ ಎರಡು ದಿನ ಉಳಿದುಬಿಟ್ಟೆ.

ತುಕ್ಕು ಮುಗಿಯಿತು, ನಿಲ್ಲಿಸು ಅಂತ ಆಮ್ಲಕ್ಕೆ ಹೇಳುವವರು ಯಾರು? ಅದು ಕಬ್ಬಿಣವನ್ನೇ ತಿನ್ನಲು ಹಿಡಿದಿತ್ತು. ಬಕೆಟ್ಟಿನಲ್ಲಿ ಹೈಡ್ರೋಜನ್ ಗುಳ್ಳೆ. ಬೀಡಿನಲ್ಲಿ ಇಂಗಾಲ ಜಾಸ್ತಿ ಅಲ್ವಾ, ಕಬ್ಬಿಣ ಕರಗಿ ಹೋದಲ್ಲಿ ಅದು ಉಳಿದು ಕಾಡಿಗೆಯ ಹಾಗೆ ಕೈಗೆಲ್ಲ ಮೆತ್ತಿಕೊಂಡಿತು. ಪಾಠ ಮಾಡುವವನ ಮನೆಯಲ್ಲೇ ಪ್ರಯೋಗ ಕೆಟ್ಟಿತ್ತು. ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ಒರೆಸಲು ಬಟ್ಟೆ ಹುಡುಕಿ ಬರುವಷ್ಟರಲ್ಲಿ ಮತ್ತೆ ಕಿತ್ತಳೆ ಬಣ್ಣ! ಹೊರಗೆ ಜುಲೈ ತಿಂಗಳ ಮಳೆ. ಮತ್ತೆ ಉಜ್ಜಿ, ಈ ಸಲ ಬಿಸಿನೀರಿನಲ್ಲಿ ತೊಳೆದು, ಒಲೆಯ ಪಕ್ಕ ಒಣಗಿಸಿ, ಕೂಡಲೇ ಹೊಲಿಗೆ ಮಿಷನ್ ಎಣ್ಣೆ ಸವರಿದೆ.

ಹಿತ್ತಾಳೆ ಚಕ್ರವನ್ನು ಅಮ್ಮ ಕೇಳದೆ ಎತ್ತಿಕೊಂಡು ಹೋಗಿ ಹುಣಸೆಹಣ್ಣಿನಲ್ಲಿ ತಿಕ್ಕಿದರು. ಐದೇ ನಿಮಿಷ. ದೇವರ ಮನೆಯ ದೀಪದ ಹಾಗೆ ಹೊಳೆಯಿತು. ನನ್ನ ಎರಡು ದಿನದ ಕೆಮಿಸ್ಟ್ರಿಯ ಬಗ್ಗೆ ಅವರು ಏನೂ ಹೇಳಲಿಲ್ಲ, ಸುಮ್ನೆ ನಕ್ಕರು.

ಆಮೇಲೆ ಮೂರು ಸಂಜೆ ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಅಂಟಿಸಿ ತಳ ತಿಕ್ಕಿದೆ. ಮೊದಲು 80 ನಂಬರ್, ಆಮೇಲೆ 120, 220. ಒಳ್ಳೆಯ ಹೊಳಪು ಬಂತು. ಪಕ್ಕದ ಬೀದಿಯ ಆಚಾರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಹೊಳಪನ್ನು ನೋಡಲೇ ಇಲ್ಲ. ಅಲಗು ಬಿಚ್ಚಿ, ಅದರ ಬೆನ್ನಿನ ಮೇಲೆ ಉಗುರು ಎಳೆದರು. ಉಗುರು ತಡೆಯಿತು.

“ಮೇಷ್ಟ್ರೇ, ತುಕ್ಕು ಇನ್ನೂ ಇಲ್ಲೇ ಇದೆಯಲ್ಲ.”

ಅಲಗಿನ ಬಾಯಿ ಎಂದರೆ ಎರಡು ಮುಖ ಕೂಡುವ ಗೆರೆ. ಒಂದು ಓರೆಯಾಗಿ ಮಸೆದದ್ದು, ಇನ್ನೊಂದು ಈ ಬೆನ್ನು. ಬೆನ್ನಿನಲ್ಲಿ ತುಕ್ಕು ತಿಂದ ಗುಳಿ ಇದ್ದರೆ ಬಾಯಲ್ಲಿ ಹಲ್ಲು ಬೀಳುತ್ತದೆ. ಒಂದೊಂದು ಹಲ್ಲೂ ಹಲಗೆಯ ಮೇಲೆ ಒಂದೊಂದು ಗೆರೆ. ತಳಕ್ಕೆ ಅಷ್ಟು ಉಪಚಾರ ಬೇಕಿರಲಿಲ್ಲ. ಮುಂದಿನ ತುದಿ, ಅಲಗು ಹೊರಬರುವ ಸೀಳಿನ ಮುಂಭಾಗ, ಹಿಂದಿನ ತುದಿ, ಈ ಮೂರು ಒಂದೇ ಮಟ್ಟದಲ್ಲಿ ಹಲಗೆಗೆ ತಾಗಿದರೆ ಆಯಿತು. ನಡುವೆ ಗುಳಿ ಇದ್ದರೂ ಮರಕ್ಕೆ ಗೊತ್ತಾಗುವುದಿಲ್ಲ. ಮೂರು ಸಂಜೆ ನಾನು ತಿಕ್ಕಿದ್ದು ನನ್ನ ಖುಷಿಗೆ.

ಅಲಗಿನ ತುದಿಯನ್ನು ಮೂರು ಮಿಲಿಮೀಟರ್ ಸವೆಸಿ ಗುಳಿ ದಾಟಿದೆವು. ಬೆನ್ನನ್ನು ಬಾಯಿಯ ಹತ್ತಿರ ಒಂದು ಬೆರಳಗಲ ಮಾತ್ರ ಮಟ್ಟ ಮಾಡಿ, ಓರೆಯನ್ನು 25 ಡಿಗ್ರಿಗೆ ಮಸೆದೆವು. ಹಿಡಿಗೆ ಬೀಟೆ ತುಂಡು ಅಂಟಿಸಿದೆ. ಒಳಮೈಗೆ ಬಳಿದ ನೀಲಿ ಎನಾಮಲ್ ಮಾತ್ರ ನಮ್ಮ ಗೇಟಿನ ನೀಲಿಯೇ ಆಯಿತು. ಅಂಗಡಿಯಲ್ಲಿ ಬೇರೆ ನೀಲಿ ಸಿಗಲಿಲ್ಲ.

ಹಲಸಿನ ಹಲಗೆಯ ಮೇಲೆ ದೂಡಿದಾಗ ಹಳದಿ ಸುರುಳಿ ಎದ್ದು ಬಂತು. ಆಚಾರಿ ಒಮ್ಮೆ ದೂಡಿ, “ಭಾರ ಸ್ವಲ್ಪ ಜಾಸ್ತಿ” ಎಂದು ತಮ್ಮ ಮರದ್ದನ್ನೇ ಎತ್ತಿಕೊಂಡು ಹೋದರು. ಹೋಗುವಾಗ, ತುಕ್ಕು ಹಿಡಿಯದಿರಲೆಂದು ಪೆಟ್ಟಿಗೆಯೊಳಗೆ ಎರಡು ಬಿಲ್ಲೆ ಕರ್ಪೂರ ಇಡಲು ಹೇಳಿದರು. ಅವರ ಉಳಿಗಳ ಪೆಟ್ಟಿಗೆಯಲ್ಲೂ ಮಳೆಗಾಲವಿಡೀ ಕರ್ಪೂರ ಇರುತ್ತದಂತೆ. ಇಟ್ಟೆ. ಮೊನ್ನೆ ಶುಕ್ರವಾರ ನೋಡಿದರೆ ಒಂದೂ ಇಲ್ಲ. ಮಂಗಳಾರತಿಗೆ ಸಾಲದೆ ಬಂತು ಅಂದರು ಅಮ್ಮ.